ಟೆಂಪೋಗೆ ಬಿದ್ದ ಮೊದಲ ಮೀನು

ಅವರ್ಸಾದ ನಾಗಶ್ರೀಗೆ ಒಂದು ಚಾಳಿ ಇತ್ತು. ಯಾರು ಏನು ಹೇಳಿದರೂ 'ಯಾಕೆ?' ಎಂದು ಕೇಳದಿದ್ದರೆ ಅವಳಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ತನ್ನನ್ನು ನೋಡಲು ಬಂದ ಗಂಡಿನ ಕಡೆಯವರನ್ನೇ, ನಿಮ್ಮ ಹಿಂದಿನ ಸಂಬಂಧ ಯಾಕೆ ಮುರಿಯಿತು ಎಂದು ಚಹಾದ ತಟ್ಟೆ ಹಿಡಿದುಕೊಂಡೇ ಕೇಳಿದ್ದಳು. ಆ ಸಂಬಂಧವೂ ಮುರಿಯಿತು ಎಂದು ಬೇರೆ ಹೇಳಬೇಕಾಗಿಲ್ಲ. ಇಂಥವಳಿಗೆ ಸಿಕ್ಕಿದ ನೌಕರಿಯಾದರೂ ಎಂಥದು? ಹೊರದೇಶಕ್ಕೆ ಹಡಗಿನಲ್ಲಿ ಸಾಮಾನು ಕಳಿಸಿಕೊಡುವ ಕಾರವಾರದ ಒಂದು ಆಫೀಸಿನಲ್ಲಿ ದೂರು ಬರೆಯುವ ನೌಕರಿ.

ದೂರು ಎಂದರೆ ಬಹುಪಾಲು ಕಳವಿನ ದೂರು. ಊರಿನವರು ಕಾರನ್ನೋ ಜೀಪನ್ನೋ ಹಡಗು ಹತ್ತಿಸಿ ಕಳಿಸುತ್ತಾರೆ. ಅದು ಆಚೆ ದಡದಲ್ಲಿ ಇಳಿಯುವಾಗ ರೇಡಿಯೋ ಇರುವುದಿಲ್ಲ, ಇಲ್ಲವೇ ಸ್ಟೆಪ್ನಿ ಚಕ್ರ ಇರುವುದಿಲ್ಲ. ಹಡಗಿನವರು ಬಂದರಿನವರ ಮೇಲೆ ಹಾಕುತ್ತಾರೆ, ಬಂದರಿನವರು ಹಡಗಿನವರ ಮೇಲೆ ಹಾಕುತ್ತಾರೆ, ವಿಮೆಯವರು ಮಾತ್ರ ಯಾರ ಮೇಲೂ ಹಾಕದೆ ಇನ್ನೊಂದು ಕಾಗದ ಕೇಳುತ್ತಾರೆ. ನಡುವೆ ಕೂತು ಎಲ್ಲರಿಗೂ ಸಭ್ಯವಾಗಿ ಪತ್ರ ಬರೆಯುವವಳು ನಾಗಶ್ರೀ. ಕದ್ದವನು ಸಿಕ್ಕಿಬಿದ್ದದ್ದನ್ನು ಅವಳು ಒಂದು ಸಲವೂ ಕಂಡಿರಲಿಲ್ಲ.

ಆದರೆ ದೇವಬಾಗದ ಟೆಂಪೋದ ದೂರು ಅವಳ ನಿದ್ದೆ ಕೆಡಿಸಿತು.

ಅದು ದೇವಿದಾಸ ತಾಂಡೇಲನ ಹಳೆಯ ಮೀನಿನ ಟೆಂಪೋ. ಕಾರವಾರದಲ್ಲಿ ದೋಣಿಗಳು ಮೀನು ಇಳಿಸುವ ದಕ್ಕೆಯಿಂದ ಅಂಕೋಲೆಯ ಪೇಟೆಗೆ ಮೀನು ಹೊತ್ತು ಹೊತ್ತು ಅದರ ತಗಡಿಗೂ ಮೀನಿನ ವಾಸನೆ ಹಿಡಿದಿತ್ತು. ದೇವಿದಾಸ ಹೊಸ ಗಾಡಿ ಕೊಂಡ. ಅವನ ತಮ್ಮ ರೋಷನ ಟಾಂಜಾನಿಯಾದಲ್ಲಿ ಮೀನಿನ ಕಂಪನಿಯ ಕೆಲಸ ಬಿಟ್ಟು ಸ್ವಂತ ವ್ಯಾಪಾರಕ್ಕೆ ಇಳಿಯುವವನಿದ್ದ. ಹಳೆಯದನ್ನು ತಮ್ಮನಿಗೇ ಕಳಿಸುವುದೆಂದು ಮನೆಯಲ್ಲಿ ಮಾತಾಯಿತು. ಆಫೀಸಿನ ಡ್ರೈವರ್ ಬೆಳಂಬಾರದ ಸೋಮು ದೇವಬಾಗಕ್ಕೆ ಹೋಗಿ ಗಾಡಿ ತೆಗೆದುಕೊಂಡು, ಮುಂಬಯಿಯ ಬಂದರಿನ ಅಂಗಳಕ್ಕೆ ಮುಟ್ಟಿಸಿ, ರೈಲಿನಲ್ಲಿ ವಾಪಸು ಬಂದ. ಟೆಂಪೋ ಸಮುದ್ರ ದಾಟಿತು. ಇಳಿಸಿಕೊಳ್ಳಲು ಹೋದ ರೋಷನ ಬಾಗಿಲು ತೆರೆದು ನೋಡಿದರೆ ರೇಡಿಯೋ ಇಲ್ಲ, ಸ್ಟೆಪ್ನಿ ಇಲ್ಲ, ಜಾಕ್ ಇಲ್ಲ, ಹಿಂದೆ ಮಡಚಿಟ್ಟಿದ್ದ ತಾಡಪತ್ರಿ ಇಲ್ಲ. ಗೇರ್ ಹಾಕುವ ಸರಳಿನ ತುದಿಗಿದ್ದ ಮರದ ಗುಂಡೂ ಇಲ್ಲ.

ವಿಮೆಯವರು ಈ ಸಲ ಬೇಗ ಉತ್ತರ ಕೊಟ್ಟರು, ಅದೇ ಕೆಟ್ಟ ಲಕ್ಷಣ. ಮುಂಬಯಿಯ ಅಂಗಳಕ್ಕೆ ಗಾಡಿ ಬಂದಾಗ ಅಲ್ಲಿಯವರು ಒಳಗಿನ ಒಂದು ಫೋಟೋ ತೆಗೆದಿದ್ದರು. ರೇಡಿಯೋ ಇರುವ ಜಾಗಕ್ಕೆ ಬಿಸಿಲು ಬಿದ್ದು ಬರೀ ಬಿಳಿ ಕಾಣುತ್ತಿತ್ತು. ಗೇರಿನ ಸರಳು ಮಾತ್ರ ಚೊಕ್ಕವಾಗಿ ಕಾಣುತ್ತಿತ್ತು, ಅದರ ತಲೆ ಬೋಳು. ನಮ್ಮ ವಿಮೆ ಶುರುವಾಗುವುದು ಆ ಅಂಗಳದಿಂದ, ಅಲ್ಲಿಗೆ ಬರುವ ಮೊದಲೇ ಗಾಡಿಯಿಂದ ಸಾಮಾನು ಹೋಗಿತ್ತು, ಉಳಿದದ್ದೂ ಆಗಲೇ ಹೋಗಿರಬೇಕು, ಅದಕ್ಕೆ ಮೊದಲು ಗಾಡಿ ಯಾರ ಕೈಯಲ್ಲಿತ್ತು ನೀವೇ ಹೇಳಿ ಎಂದರು. ನಿಮ್ಮ ಉತ್ತರ ಬಂದು, ನಮ್ಮ ಮನುಷ್ಯ ಇನ್ನೊಮ್ಮೆ ನೋಡುವ ತನಕ ಗಾಡಿಯನ್ನು ನಿಂತಲ್ಲಿಂದ ಅಲುಗಿಸಬಾರದು ಎಂದೂ ಸೇರಿಸಿದರು.

ಗಾಡಿ ಇದ್ದದ್ದು ಸೋಮುವಿನ ಕೈಯಲ್ಲಿ.

ಆಫೀಸಿನ ಮಾಲಕ ಅಮಿತ ಕೆಟ್ಟ ಮನುಷ್ಯನಲ್ಲ, ಹೆದರುವ ಮನುಷ್ಯ. ಹೆಸರು ಕೆಟ್ಟರೆ ಗಿರಾಕಿ ಕೈಬಿಟ್ಟು ಹೋಗುತ್ತಾನೆಂಬ ಹೆದರಿಕೆಯಲ್ಲಿ, ಇದು ಇತ್ಯರ್ಥವಾಗುವ ತನಕ ಮನೆಯಲ್ಲಿ ಕೂತಿರು ಎಂದು ಸೋಮುವಿನಿಂದ ಕೀಲಿಕೈ ಇಸಿದುಕೊಂಡ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಗೆಳೆತನದಲ್ಲಿ ಇನ್ನೊಂದಿಬ್ಬರು ಮಾಲಕರ ಕಿವಿಗೂ ಹಾಕಿದ. ಕಾರವಾರದಿಂದ ಅಂಕೋಲೆಗೆ ಬಸ್ಸು ಮುಟ್ಟುವುದರೊಳಗೆ ಮಾತು ಬೆಳಂಬಾರಕ್ಕೆ ಮುಟ್ಟಿತು. ಹುಡುಗನಾಗಿದ್ದಾಗಿನಿಂದ ಪರರ ಗಾಡಿ ಓಡಿಸಿದವನು ಸೋಮು. ಕಂಡವರು ನಂಬಿ ಕೀಲಿಕೈ ಕೊಟ್ಟರೆ ಅವನ ಮನೆಯಲ್ಲಿ ಒಲೆ ಉರಿಯಬೇಕು, ಬೇರೆ ಆಧಾರವಿಲ್ಲ.

ಅವನು ಒಮ್ಮೆ ಆಫೀಸಿಗೆ ಬಂದು ನಾಗಶ್ರೀಯ ಮೇಜಿನೆದುರು ನಿಂತ. ಬಲ ಅಂಗೈ ಬಿಡಿಸಿ ತೋರಿಸಿದ. ನಡುವೆ ಉಜ್ಜಿ ಗಟ್ಟಿಯಾದ ಗಾಯದ ಗುರುತಿತ್ತು.

"ನಾ ಹತ್ತುವಾಗ್ಲೇ ಅಲ್ಲಿ ಬರೀ ಕಬ್ಬಿಣ ಇತ್ತು ತಂಗಿ. ಟುವಾಲು ಸುತ್ತಕಂಡು ಮುಂಬಯಿ ತನಕ ಗೇರ್ ಹಾಕಿದ್ದೆ. ಹಳೇ ಗಾಡಿ, ಹಾಂಗೇ ಇರ್ತದೆ ಅಂದ್ಕಂಡೆ. ಕೇಳ್ಬೇಕಿತ್ತು, ಕೇಳ್ಲಿಲ್ಲ."

ದೇವಿದಾಸನಿಗೆ ಫೋನು ಮಾಡಿದರೆ ಅವನದು ಇನ್ನೊಂದು ಸತ್ಯ. ಸೋಮು ಬರುವ ಹಿಂದಿನ ಸಂಜೆ ತಾನೇ ಗಾಡಿ ಓಡಿಸಿದ್ದೇನೆ, ಗುಂಡು ಕೈಯಲ್ಲೇ ಇತ್ತು, ತನ್ನ ಅಪ್ಪ ಕೆತ್ತಿದ್ದು, ತನಗೆ ಗೊತ್ತಾಗದೆ ಇರುತ್ತದೆಯೇ ಎಂದ. ಸೋಮು ಗಾಡಿ ಒಯ್ಯುವಾಗ ತಾನು ದಕ್ಕೆಯಲ್ಲಿದ್ದೆ, ಕೀಲಿಕೈ ಕೊಟ್ಟವಳು ತಾಯಿ ಎಂದೂ ಹೇಳಿದ. ಇಬ್ಬರ ದನಿಯಲ್ಲೂ ಸುಳ್ಳಿನ ಎಳೆ ಇರಲಿಲ್ಲ. ನಾಗಶ್ರೀಗೆ ತಲೆ ಕೆಟ್ಟದ್ದು ಅಲ್ಲೇ. ರೇಡಿಯೋ ಕದ್ದವನಿಗೆ ರೇಡಿಯೋದ ಉಪಯೋಗವಿದೆ, ಸ್ಟೆಪ್ನಿ ಕದ್ದವನಿಗೆ ಚಕ್ರದ ಉಪಯೋಗವಿದೆ. ಸವೆದು ಹೋದ ಮರದ ಗುಂಡು ಯಾವ ಕಳ್ಳನಿಗೆ ಬೇಕು? ಯಾಕೆ ಬೇಕು?

ದೂರಿಗೆ ದೇವಿದಾಸನ ರುಜು ಬೇಕೆಂದು ನೆಪ ಮಾಡಿ ಅವಳು ದೇವಬಾಗಕ್ಕೆ ಹೊರಟಳು. ರುಜುವನ್ನು ಅವನೇ ಆಫೀಸಿಗೆ ಬಂದು ಹಾಕಬಹುದಿತ್ತು, ಅದು ಅವಳಿಗೂ ಗೊತ್ತಿತ್ತು. ಕಾಳಿ ನದಿಯ ಸೇತುವೆ ದಾಟಿ, ಸದಾಶಿವಗಡ ಬಳಸಿ, ಗಾಳಿ ಮರಗಳ ನಡುವಿನ ಮನೆ ಹುಡುಕಿಕೊಂಡು ಹೋದಳು. ದೇವಿದಾಸ ಇರಲಿಲ್ಲ. ಹಿತ್ತಲ ಬಾಗಿಲಲ್ಲಿ ಅವನ ತಾಯಿ ದುರ್ಗಿ ಕೂತು, ಬೇಯಿಸಿದ ಬಳಚಿನ ಚಿಪ್ಪು ಬಿಡಿಸಿ ಒಳಗಿನ ಮಾಂಸ ತೆಗೆಯುತ್ತಿದ್ದಳು. ನಾಗಶ್ರೀ ಹೆಸರು ಹೇಳಿ, ಕೇಳದೆಯೇ ಪಕ್ಕದಲ್ಲಿ ಕೂತು ತಾನೂ ಬಿಡಿಸತೊಡಗಿದಳು. ಬಳಚು ಬಿಡಿಸುವ ಕೈಯನ್ನು ಯಾವ ಮುದುಕಿಯೂ ಎಬ್ಬಿಸಿ ಕಳಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ದುರ್ಗಿಯೇ ಚಹಾ ಮಾಡುತ್ತೇನೆಂದು ಅಡಿಗೆಮನೆಗೆ ಕರೆದಳು.

ಅಡಿಗೆಮನೆಯ ಗೋಡೆಯ ಮೇಲೆ ಸಾಲಾಗಿ ಮೊಳೆ ಹೊಡೆದಿತ್ತು. ಒಂದಕ್ಕೆ ಹೊಗೆ ಹಿಡಿದ ಹಲಗೆಯ ತುಂಡು, ಒಂದಕ್ಕೆ ಮುರಿದ ಹುಟ್ಟಿನ ಹಿಡಿಕೆ, ಇನ್ನೊಂದಕ್ಕೆ ಎಂಜಿನ್ನಿನ ಹಿತ್ತಾಳೆಯ ಮುಚ್ಚಳ, ಎಲ್ಲವನ್ನೂ ಕೆಂಪು ದಾರದಲ್ಲಿ ತೂಗುಹಾಕಿತ್ತು. ಎಲ್ಲದರ ನೆತ್ತಿಯಲ್ಲೂ ಒಂದೊಂದು ದಾಸವಾಳ. ನಾಗಶ್ರೀಯ ಬಾಯಿ ಸುಮ್ಮನಿದ್ದೀತೇ? ಇವೆಲ್ಲ ಯಾಕೆ ಎಂದು ಕೇಳಿದಳು.

ಒಲೆಯ ಮುಂದೆ ಕೂತು ದುರ್ಗಿ ನಿಧಾನವಾಗಿ ಹೇಳಿದಳು. ಇವು ಈ ಮನೆ ಬಿಟ್ಟುಹೋದ ದೋಣಿಗಳ ತುಂಡುಗಳು. ದೋಣಿ ಬೇರೆ ಕೈಗೆ ಹೋಗುವಾಗ, ಬೆಳಗಾಗುವ ಮೊದಲು ಮನೆಯ ಹೆಂಗಸು ಯಾರಿಗೂ ತಿಳಿಯದಂತೆ ಅದರದೊಂದು ತುಂಡು ತೆಗೆದಿಡಬೇಕು. ಗಂಡಸರಿಗೂ ಹೇಳಬಾರದು. ಹೋದ ಕಡೆ ದೋಣಿಗೆ ಮೊದಲ ಮೀನು ಬಿತ್ತು ಎಂಬ ಸುದ್ದಿ ಬಂದ ಮೇಲೆಯೇ ತುಂಡನ್ನು ಹೊರಗೆ ತೆಗೆದು ಗೋಡೆಗೆ ಹಾಕುವುದು, ಬಾಯಿ ಬಿಡುವುದು. ಇದು ಈ ಮನೆಗೆ ಅವಳ ಅತ್ತೆ ತಂದ ಪದ್ಧತಿ. ದೋಣಿ ಕೊಳ್ಳುವವರು ಇದೇ ದಂಡೆಯ ಪರಿಚಿತರು, ತುಂಡು ಕಾಣದಿದ್ದರೆ ಹೆಂಗಸರ ಕೆಲಸ ಎಂದು ನಕ್ಕು ಹೊಸದು ಹಾಕಿಸಿಕೊಳ್ಳುತ್ತಿದ್ದರು.

"ದೋಣಿ ಹೋದ್ರೂ ಅದ್ರ ಋಣ ಹೋಗ್ಬಾರ್ದು ಮಗಾ. ಹೋದಲ್ಲಿ ಅದು ಚೆಂದಾಗಿ ತಿನ್ಲಿ, ತಿನ್ನಿಸ್ಲಿ ಅಂತ."

ನಾಗಶ್ರೀಯ ಕಣ್ಣು ಸಾಲಿನ ಕೊನೆಗೆ ಹೋಯಿತು. ಅಲ್ಲೊಂದು ಮೊಳೆಯಿತ್ತು, ಮೊಳೆಗೆ ಏನೂ ಇರಲಿಲ್ಲ. ಅದರ ಮೇಲೆಯೂ ಆ ಬೆಳಗಿನದೇ ದಾಸವಾಳ ಇಟ್ಟಿತ್ತು.

"ಆಯಿ, ಆ ಖಾಲಿ ಮೊಳೆ ಯಾವ ದೋಣಿದು?"

ದುರ್ಗಿಯ ಕೈ ಚಹಾದ ಪಾತ್ರೆಯ ಮೇಲೆಯೇ ನಿಂತಿತು. "ಅದಕ್ಕೆ ಇನ್ನೂ ಮೀನು ಬಿದ್ದಿಲ್ಲ," ಎಂದಷ್ಟೇ ಹೇಳಿದಳು.

ಈ ಮನೆಯಿಂದ ಈಚೆಗೆ ಹೊರಟ ದೋಣಿ ಯಾವುದೂ ಇಲ್ಲ. ಹೊರಟದ್ದು ಒಂದು ಟೆಂಪೋ. ನಾಗಶ್ರೀಗೆ ಎಲ್ಲ ಹೊಳೆಯಿತು. ಗುಂಡು ಎಲ್ಲಿದೆ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಹೇಗೋ ನುಂಗಿಕೊಂಡಳು, ಹುಟ್ಟಿದಂದಿನಿಂದ ಬಹುಶಃ ಮೊದಲ ಸಲ. ಅದರ ಬದಲು ಸೋಮುವಿನ ವಿಷಯ ಹೇಳಿದಳು. ಗಾಡಿಯಿಂದ ಸಾಮಾನು ಹೋದದ್ದು ದುರ್ಗಿಗೆ ಗೊತ್ತಿತ್ತು. ಕಳವಿನ ಹೆಸರು ಆ ಡ್ರೈವರನ ತಲೆಗೆ ಬಂದದ್ದು, ಗೇರಿನ ಗುಂಡು ಕಾಣದ್ದರಿಂದಲೇ ಬಂದದ್ದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಅವಳಿಗೆ ಅಷ್ಟು ಬಿಡಿಸಿ ಹೇಳಿರಲಿಲ್ಲ. ಕೇಳುತ್ತ ಕೇಳುತ್ತ ಅವಳ ಮುಖ ಇಳಿದುಹೋಯಿತು. ಗಾಡಿ ಒಯ್ಯಲು ಆ ಬೆಳಗ್ಗೆ ಬಂದವನು ತನ್ನ ಕೈಯಿಂದ ನೀರು ಇಸಿದುಕೊಂಡು ಕುಡಿದು, ಹೋಗಿ ಬರುತ್ತೇನೆ ಆಯಿ ಎಂದು ಹೇಳಿ ಹೋದವನು ಎಂದು ನೆನಪು ಮಾಡಿಕೊಂಡಳು.

ಹಾಗಾದರೆ ನೀವೊಂದು ಮಾತು ಹೇಳಿದರೆ ಸಾಕಲ್ಲ ಎಂದಳು ನಾಗಶ್ರೀ.

ದುರ್ಗಿ ಚಹಾದ ಪಾತ್ರೆ ಕೆಳಗಿಳಿಸಿದಳು. ಆಮೇಲೆ ತನ್ನ ಅತ್ತೆಯ ಕಥೆ ಹೇಳಿದಳು. ಒಮ್ಮೆ ಅತ್ತೆ ತಡೆಯಲಾರದೆ ಮೊದಲ ಮೀನಿನ ಸುದ್ದಿಗೆ ಮುಂಚೆಯೇ ತಂಗಿಯ ಹತ್ತಿರ ಬಾಯಿ ಬಿಟ್ಟಳು. ಅದೇ ವಾರ ಆ ದೋಣಿ ನದಿಯ ಅಳಿವೆಯಲ್ಲಿ ಮಗುಚಿತು. ಒಬ್ಬ ಹೋದ. ಅತ್ತೆ ತಾನು ಸಾಯುವ ತನಕ ಆ ಹೋದವನ ಮನೆಯ ಅಂಗಳ ತುಳಿಯಲಿಲ್ಲ.

"ನಾ ಎಂತದೋ ತೆಗೆದಿದ್ದೆ ಅಂತ ನಾ ಹೇಳ್ಲಿಲ್ಲ," ಎಂದಳು ದುರ್ಗಿ, ಕಣ್ಣು ಒರೆಸಿಕೊಳ್ಳುತ್ತ. "ಆ ಗಾಡಿ ಓಡ್ಸೂದು ನನ್ನ ರೋಷನ. ಒಂದು ಮೀನು ಬೀಳ್ಲಿ. ನಾನೇ ಬಂದು ಹೇಳ್ತೆ, ಯಾರೆದುರಾದ್ರೂ ಹೇಳ್ತೆ."

ಅವರ್ಸಾಕ್ಕೆ ಮರಳುವ ಬಸ್ಸಿನಲ್ಲಿ ನಾಗಶ್ರೀ ದೂರಿನ ಕಾಗದ ತೆಗೆದು, ಒಂದಕ್ಷರವೂ ಬರೆಯದೆ ಮತ್ತೆ ಚೀಲಕ್ಕೆ ಹಾಕಿದಳು. ಉತ್ತರ ಸಿಕ್ಕಿದ ಮೇಲೂ ಬರೆಯಲಾಗದಿರುವುದು ಅವಳಿಗೆ ಹೊಸದು. ತಾನೇ ಬರೆದುಬಿಡಬಹುದಿತ್ತು, ಆದರೆ ಮುದುಕಿ ಇಲ್ಲ ಎಂದರೆ ಯಾರು ನಂಬಬೇಕು? ಅದಕ್ಕಿಂತ ಹೆಚ್ಚಾಗಿ, ತಾಯಿಯೊಬ್ಬಳ ಹೆದರಿಕೆಯನ್ನು ತುಳಿದು ಬರೆಯಲು ಕೈ ಬರುತ್ತಿರಲಿಲ್ಲ. ಅಂಥದರಲ್ಲಿ ನಂಬಿಕೆ ಇದೆಯೇ ಎಂದು ಅವಳನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದಳು, ಆದರೂ ಬರೆಯುತ್ತಿರಲಿಲ್ಲ. ಮುದುಕಿ ಬಾಯಿ ಬಿಡಬೇಕಾದರೆ ಗಾಡಿಗೆ ಮೀನು ಬೀಳಬೇಕು. ಗಾಡಿ ಓಡದೆ ಮೀನು ಎಲ್ಲಿಂದ? ವಿಮೆಯವರಿಗೆ ಉತ್ತರ ಹೋಗದೆ ಗಾಡಿ ಓಡುವಂತಿಲ್ಲ. ಮುದುಕಿ ಬಾಯಿ ಬಿಡದೆ ಉತ್ತರ ಇಲ್ಲ. ಈ ಸುತ್ತಿನೊಳಗೆ ಸೋಮು ಕಳ್ಳನಾಗಿ ಮನೆಯಲ್ಲಿ ಕೂತಿದ್ದಾನೆ.

ಬಸ್ಸು ಅಮದಳ್ಳಿ ದಾಟುವಾಗ ಅವಳ ಹಳೆಯ ಚಾಳಿ ಮತ್ತೆ ತಲೆಯೆತ್ತಿತು. ಗಾಡಿ ಓಡಲೇಬೇಕು ಯಾಕೆ?

ಮರುದಿನ ರಜೆ ಹಾಕಿ ಮತ್ತೆ ದೇವಬಾಗಕ್ಕೆ ಹೋದಳು. ದೇವಿದಾಸ ಅಂಗಳದಲ್ಲಿ ಬಲೆ ರಿಪೇರಿಗೆ ಕೂತಿದ್ದ. ಅವನಿಗೇನೂ ಹೇಳದೆ ನೇರ ಒಳಗೆ ಹೋಗಿ, ದೋಣಿ ನಡೆಯುತ್ತಿರುವಾಗಲೇ ಮೀನು ಬೀಳಬೇಕೇ, ನಿಂತ ದೋಣಿಗೆ ಬಿದ್ದರೆ ಆಗುವುದಿಲ್ಲವೇ ಎಂದು ದುರ್ಗಿಯನ್ನು ಕೇಳಿದಳು. ಇಂಥ ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಿರಲಿಲ್ಲ. ದುರ್ಗಿ ಗೋಡೆಯ ಸಾಲನ್ನೇ ನೋಡುತ್ತ ಯೋಚಿಸಿದಳು. ಹಿತ್ತಾಳೆ ಮುಚ್ಚಳದ ದೋಣಿಗೆ ಹಾಗೇ ಆಗಿತ್ತು. ಕೊಂಡವರು ದಡಕ್ಕೆ ಕಟ್ಟಿ ಹಾಕಿದ್ದಾಗ ನೀರಿನಿಂದ ಮೀನೊಂದು ತಾನೇ ಹಾರಿ ಒಳಗೆ ಬಿದ್ದಿತ್ತು. ಅತ್ತೆ ಅದನ್ನೇ ಲೆಕ್ಕಕ್ಕೆ ಹಿಡಿದಿದ್ದಳು.

ಆಗ ರೋಷನನಿಗೆ ವಿಡಿಯೋ ಕಾಲ್ ಹೋಯಿತು. ನಿನ್ನ ಟೆಂಪೋದಲ್ಲಿ ಒಂದು ಮೀನು ನೋಡಬೇಕೆಂದು ಆಯಿ ಹೇಳುತ್ತಾರೆ ಎಂದಳು ನಾಗಶ್ರೀ, ಯಾಕೆಂದು ಹೇಳಲಿಲ್ಲ. ರೋಷನನಿಗೆ ನಗು. ಹಳೆಯ ಕಂಪನಿಯ ಕೋಲ್ಡ್ ಸ್ಟೋರೇಜಿನಿಂದ ಕಲ್ಲಿನಂಥ ಮೀನೊಂದನ್ನು ತಂದು ಟೆಂಪೋದ ಹಿಂದೆ ಇಟ್ಟು ತೋರಿಸಿದ. ದುರ್ಗಿ ಫೋನಿನ ಹತ್ತಿರ ಮುಖ ತಂದು, ಐಸಿನ ಮೀನು ಲೆಕ್ಕಕ್ಕಿಲ್ಲ, ನೀರಿನದು ಬೇಕು, ನಿನ್ನ ಕೈಯಿಂದ ಬೇಕು ಎಂದಳು. ರೋಷನನ ನಗು ನಿಂತಿತು. ಆ ಅಡಿಗೆಮನೆಯ ಗೋಡೆ ನೋಡಿಕೊಂಡು ಬೆಳೆದವನು ಅವನು. ತಾಯಿಯ ಮುಖವನ್ನು ಒಂದು ಗಳಿಗೆ ನೋಡಿ, ಮತ್ತೆ ಒಂದೂ ಪ್ರಶ್ನೆ ಕೇಳದೆ ಗಾಳ ಹುಡುಕಿಕೊಂಡು ಹೋದ.

ಕಾಯುವುದು ನಾಗಶ್ರೀಯ ಜಾಯಮಾನವಲ್ಲ. ಬಳಚಿನ ಪಲ್ಯ ಹಾಕಿ ದುರ್ಗಿ ಬಡಿಸಿದ ಊಟ ಉಂಡಳು. ಫೋನು ನೋಡಿದಳು. ಅಂಗಳಕ್ಕೆ ಹೋಗಿ ದೇವಿದಾಸನ ಬಲೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ ಅವನ ಕೆಲಸ ಕೆಡಿಸಿದಳು. ಬಿಸಿಲು ಬಾಗಿದ ಮೇಲೆ ಫೋನು ಬಂತು. ರೋಷನ ಬೆವರಿದ್ದ, ಪ್ಯಾಂಟು ಮೊಣಕಾಲ ತನಕ ಒದ್ದೆ. ಮಾತಿಲ್ಲದೆ ಫೋನನ್ನು ಟೆಂಪೋದ ಹಿಂಬದಿಗೆ ತಿರುಗಿಸಿದ. ಹೆಸರು ಗೊತ್ತಿಲ್ಲದ ಸಣ್ಣ ಬೆಳ್ಳಿ ಮೀನೊಂದು ಹಳೆಯ ತಗಡಿನ ಮೇಲೆ ಪಟಪಟ ಬಡಿದುಕೊಳ್ಳುತ್ತಿತ್ತು. ಆ ಸದ್ದು ಸಮುದ್ರ ದಾಟಿ ದೇವಬಾಗದ ಅಡಿಗೆಮನೆಯಲ್ಲಿ ಕೇಳಿಸಿತು.

ದುರ್ಗಿ ಎದ್ದು ಕೈ ಮುಗಿದಳು. ಆಮೇಲೆ ಅಂಗಳದಿಂದ ದೇವಿದಾಸನನ್ನು ಕರೆದು, ಬೆಳಂಬಾರದ ಆ ಮನುಷ್ಯನನ್ನು ಇಲ್ಲಿಗೆ ಕರೆಸು, ಅವನ ಮಾಲಕನನ್ನೂ ಕರೆಸು, ಅವರಿಬ್ಬರ ಎದುರೇ ಹೇಳುತ್ತೇನೆ ಎಂದಳು.

ಸಂಜೆಗೆ ಅಮಿತ ತನ್ನ ಕಾರಿನಲ್ಲಿ ಸೋಮುವನ್ನು ಕರೆತಂದ. ಕಾರನ್ನು ಅಮಿತನೇ ಓಡಿಸಿದ್ದ. ಸೋಮು ಪಕ್ಕದ ಸೀಟಿನಲ್ಲಿ, ಅಭ್ಯಾಸವಿಲ್ಲದವನಂತೆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಎಲ್ಲರೂ ಅಡಿಗೆಮನೆಯಲ್ಲೇ ನಿಂತರು. ದುರ್ಗಿ ಅಕ್ಕಿ ಡಬ್ಬಿಗೆ ಮೊಣಕೈ ತನಕ ಕೈ ಹಾಕಿ, ತಡಕಾಡಿ, ಬಟ್ಟೆಯ ಗಂಟೊಂದನ್ನು ಹೊರತೆಗೆದಳು. ಗಂಟು ಬಿಚ್ಚಿದರೆ ಮರದ ಗುಂಡು.

ದೇವಿದಾಸ ಬಾಯಿ ತೆರೆದು ನಿಂತ. "ಗಾಡಿ ಅಂದ್ರೆ ದೋಣಿಯಾ ಆಯಿ?"

"ನಿನ್ನ ಅಪ್ಪ ಕಡೇ ದೋಣಿಯ ಚುಕ್ಕಾಣಿ ಮುರ್ದು ಇದನ್ನ ಕೆತ್ತಿದ್ದು. ಇದ್ರ ಮೇಲೆ ಕೈ ಇಟ್ಕಂಡೇ ನಮ್ಗೆ ಅನ್ನ ತಂದದ್ದು. ದೋಣಿ ಅಲ್ದೆ ಮತ್ತೆಂತದು?"

ನಾಗಶ್ರೀ ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡಳು. ದುರ್ಗಿ ತಡವರಿಸದೆ ಹೇಳಿದಳು: ಬೆಳಗಾಗುವ ಮೊದಲು ಗುಂಡನ್ನು ತಿರುಪಿ ತೆಗೆದವಳು ತಾನು, ಗಾಡಿ ಒಯ್ಯುವವನಿಗೆ ಅದು ಗೊತ್ತಿಲ್ಲ, ನಮ್ಮದನ್ನು ನಾವು ತೆಗೆದಿಟ್ಟದ್ದು ಬೇರೆಯವರ ತಲೆಗೆ ಕಳವಾಗಿ ಬೀಳುತ್ತದೆ ಎಂದು ತನಗೆ ಹೊಳೆಯಲಿಲ್ಲ. ಆಮೇಲೆ ಸೋಮುವಿನ ಕಡೆ ತಿರುಗಿ, ತನ್ನಿಂದ ತಪ್ಪಾಯಿತು ಎಂದಳು. ದೂರಿನಿಂದ ಮರದ ಗುಂಡನ್ನು ತೆಗೆದು, ರೇಡಿಯೋ, ಸ್ಟೆಪ್ನಿ, ಜಾಕ್, ತಾಡಪತ್ರಿಗಳನ್ನು ಮಾತ್ರ ಉಳಿಸಿ ಹೊಸದಾಗಿ ಬರೆಯುವುದೆಂದಾಯಿತು. ಅವನ್ನು ಕದ್ದವರು ಯಾರು, ಯಾವ ದಡದಲ್ಲಿ ಕದ್ದರು ಎಂಬುದು ಇಂದಿಗೂ ಗೊತ್ತಿಲ್ಲ, ವಿಮೆಯವರು ಆ ವಿಷಯದಲ್ಲಿ ಇನ್ನೂ ಒಂದು ಕಾಗದ ಕೇಳುತ್ತಲೇ ಇದ್ದಾರೆ.

ದುರ್ಗಿ ಗುಂಡಿಗೆ ಕೆಂಪು ದಾರ ಕಟ್ಟಿ, ಗೋಡೆಗೆ ಹಾಕಲು ಹೋದವಳು ಅರ್ಧದಲ್ಲಿ ನಿಂತಳು. ತಿರುಗಿ ಬಂದು ಅದನ್ನು ಸೋಮುವಿನ ಕೈಯಲ್ಲಿಟ್ಟು, ನೀನೇ ಹಾಕು ಎಂದಳು.

ಸೋಮು ಗುಂಡನ್ನು ಅತ್ತಿತ್ತ ತಿರುಗಿಸಿ ನೋಡಿದ. ಬೆರಳು ಕೂರುವಲ್ಲೆಲ್ಲ ಸವೆದು ನುಣ್ಣಗಾಗಿತ್ತು. ಅಂಗೈಯ ಗಾಯದ ಗುರುತಿನ ಮೇಲೆ ಅದು ಸರಿಯಾಗಿ ಕೂತಿತು.

"ನಾ ಕದ್ದೆ ಅಂತ ಊರೆಲ್ಲ ಹೇಳ್ತದಲ್ಲ," ಎಂದ ಅವನು, "ಅದು ಹ್ಯಾಂಗಿರ್ತದೆ ಅಂತ ನಾ ಕಂಡದ್ದೇ ಇವತ್ತು."

ಅಮಿತನ ಮುಖ ಕೆಂಪಾಯಿತು. ಅವನು ಕಿಸೆಯಿಂದ ಕಾರಿನ ಕೀಲಿಕೈ ತೆಗೆದು ಮುಂದೆ ಚಾಚಿದ. ಸೋಮು ನೋಡಿದ, ತೆಗೆದುಕೊಳ್ಳಲಿಲ್ಲ. ಗೋಡೆಯ ಮೊಳೆಯನ್ನು ಬೆರಳಿನಿಂದ ಅಲುಗಿಸಿದ, ಸಡಿಲವಾಗಿತ್ತು. ದೇವಿದಾಸನಿಂದ ಸುತ್ತಿಗೆ ಕೇಳಿ ಇಸಿದುಕೊಂಡು ಅದನ್ನು ಭದ್ರವಾಗಿ ಹೊಡೆದ, ದಾರ ಸಿಕ್ಕಿಸಿದ, ಗುಂಡು ನೆಟ್ಟಗೆ ನಿಲ್ಲುವ ತನಕ ಕೈಯಿಂದ ಹಿಡಿದ. ಅಷ್ಟೂ ಹೊತ್ತು ಅಮಿತ ಕೀಲಿಕೈ ಚಾಚಿಕೊಂಡೇ ನಿಂತಿದ್ದ. ಆಮೇಲೆ ಸೋಮು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡ. ನಾಗಶ್ರೀ ಹಿಂದಿನ ಸೀಟಿನಲ್ಲಿ ಕೂತಳು, ಕಾಳಿ ಸೇತುವೆ ದಾಟುವ ತನಕ ಅವಳಿಗೆ ಕೇಳಲು ಒಂದೂ ಪ್ರಶ್ನೆ ಹೊಳೆಯಲಿಲ್ಲ.